ನ್ಯೂರೋಸರ್ಜನ್ ಮಾಡಿದ ರಿಸರ್ಚ್ ನಮ್ಮ ರೋಗಿಗೆ ಆಗ್ತದಾ ಅಂತ ನೋಡುದು ಹೇಗೆ

ತಿಂಗಳಿಗೆ ಮೂರು ನಾಲ್ಕು ಸಲ ಒಂದೇ ನಮೂನೆ ಮೆಸೇಜ್ ಬರ್ತದೆ. ಯಾರೋ ಒಬ್ಬ ನ್ಯೂರೋಸರ್ಜನ್ ಬಗ್ಗೆ ಪೇಪರಲ್ಲಿ ಬಂದ ಸುದ್ದಿಯ ಫೋಟೋ, ಕೆಳಗೆ "ಇವ್ರು ಬ್ರೇನ್ ಟ್ಯೂಮರ್ ಮತ್ತೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಮೇಲೆ ರಿಸರ್ಚ್ ಮಾಡಿದ್ದಾರಂತೆ, ನಮ್ಮ ಅಪ್ಪನಿಗೆ ಆಗ್ತದಾ, ಎಲ್ಲಿ ತೋರ್ಸುದು?" ಅಂತ. ಎಲ್ಲ ನಮ್ಮ ಕೇರಳದ ಕಾಸರಗೋಡು ಜಿಲ್ಲೆಯವ್ರೇ: ಬದಿಯಡ್ಕದಿಂದ ಒಬ್ರು, ಮಂಜೇಶ್ವರದಿಂದ ಇಬ್ರು, ಮೊನ್ನೆ ಪೆರ್ಲದಿಂದ ಇನ್ನೊಬ್ರು. ಪ್ರತಿಯೊಬ್ರಿಗೆ ಬೇರೆ ಬೇರೆ ಟೈಪ್ ಮಾಡಿ ಸಾಕಾಯ್ತು, ಹಾಗಾಗಿ ಒಟ್ಟಿಗೆ ಇಲ್ಲಿ ಬರೀತಿದ್ದೇನೆ. ನಾನು ಡಾಕ್ಟ್ರಲ್ಲ ಆಯ್ತಾ. ನಮ್ಮ ಮಾವನಿಗೆ ಪಾರ್ಕಿನ್ಸನ್ (ಕೈಕಾಲು ನಡುಗಿ ಬಿಗಿಯಾಗುವ ಮೆದುಳಿನ ಕಾಯಿಲೆ) ಬಂದು ಡಿಬಿಎಸ್, ಅಂದ್ರೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಆಪರೇಷನ್ ವರೆಗೆ ಹೋದದ್ದು, ಆ ಓಡಾಟದಲ್ಲಿ ರಿಪೋರ್ಟ್ ಮತ್ತೆ ರಿಸರ್ಚ್ ಪೇಪರ್ ಓದ್ಲಿಕ್ಕೆ ಕಲ್ತದ್ದು, ಅಷ್ಟೇ.

ಒಂದು ಮಾತು ಮೊದಲೇ ಹೇಳ್ತೇನೆ. ಡಾಕ್ಟ್ರು ಎಷ್ಟು ದೊಡ್ಡವ್ರು ಅಂತ ಹುಡುಕುದ್ರಲ್ಲೇ ನಾವೆಲ್ಲ ಟೈಮ್ ಹಾಳು ಮಾಡುದು. ಹುಡುಕ್ಬೇಕಾದ್ದು ಬೇರೆ: ಆ ರಿಸರ್ಚಿಗೆ ಸೇರಿಸಿಕೊಂಡ ರೋಗಿಗಳು ನಮ್ಮ ಮನೆಯವ್ರ ಹಾಗೆ ಇದ್ರಾ ಇಲ್ವಾ ಅಂತ. ಕೆಳಗೆ ಇರುದೆಲ್ಲ ಅದನ್ನೇ ನೋಡುವ ದಾರಿ.

1. ಪಾರ್ಕಿನ್ಸನ್ ಮತ್ತೆ ಮೆದುಳಿನ ಗಡ್ಡೆ (ಬ್ರೇನ್ ಟ್ಯೂಮರ್) ಎರಡು ಬೇರೆ ಬೇರೆ ಕಾಯಿಲೆ ಅಂತ ಮೊದಲು ತಿಳ್ಕೊಳ್ಳಿ

ಡಿಬಿಎಸ್ ಅಂದ್ರೆ ಮೆದುಳಿನ ಒಳಗೆ ಆಳಕ್ಕೆ ಸುಮಾರು ಒಂದೂಕಾಲು ಮಿಲ್ಲಿಮೀಟರ್ ದಪ್ಪದ ವಯರ್ ಇಳಿಸಿ, ಎದೆಯ ಚರ್ಮದ ಅಡಿಗೆ ಪೇಸ್‌ಮೇಕರಿನ ಹಾಗಿನ ಬ್ಯಾಟರಿ ಇಟ್ಟು, ಸಣ್ಣ ಕರೆಂಟ್ ಕೊಡುತ್ತಾ ಇರುದು. ಪಾರ್ಕಿನ್ಸನಿಗೆ ಸಾಧಾರಣವಾಗಿ ಕೊಡುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗಕ್ಕೆ, ಅದು ಹೆಚ್ಚುಕಡಿಮೆ ಒಂದು ಅಲಸಂಡೆ ಬೀಜದಷ್ಟು ಇರುದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲಲ್ಲಿ ಅಲಿಂ ಲೂಯಿ ಬೆನಬಿದ್ ಅನ್ನುವ ನ್ಯೂರೋಸರ್ಜನ್ ಇದನ್ನು ಶುರು ಮಾಡಿದ್ದು. ಆಗ ಕೈ ನಡುಕಕ್ಕೆ ಮೆದುಳಿನ ಸಣ್ಣ ಜಾಗ ಸುಡ್ತಿದ್ರು, ಸುಡುವ ಮೊದಲು ಜಾಗ ಸರಿ ಉಂಟಾ ಅಂತ ಕರೆಂಟ್ ಕೊಟ್ಟು ನೋಡುವ ಕ್ರಮ ಇತ್ತು. ಕರೆಂಟ್ ಸೆಕೆಂಡಿಗೆ ನೂರು ಸಲಕ್ಕಿಂತ ಜಾಸ್ತಿ ಕೊಟ್ರೆ ನಡುಕ ಅಲ್ಲೇ ನಿಲ್ತದೆ ಅಂತ ಕಂಡದ್ದು ಅವ್ರಿಗೆ, ಮತ್ತೆ ಸುಡುದ್ಯಾಕೆ, ವಯರನ್ನೇ ಅಲ್ಲಿ ಬಿಡುವ ಅಂತ ಆಯ್ತು. ಅಮೆರಿಕದಲ್ಲಿ ನಡುಕಕ್ಕೆ 1997ರಲ್ಲಿ, ಪಾರ್ಕಿನ್ಸನಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅಂದ್ರೆ ನಿಮಗೆ ವಾಟ್ಸಾಪಲ್ಲಿ "ಹೊಸ ಆವಿಷ್ಕಾರ" ಅಂತ ಬಂದದ್ದು ನಿಜಕ್ಕೂ ಅಷ್ಟೊಂದು ಹೊಸತಲ್ಲ.

ಡಿಬಿಎಸ್ ಗಡ್ಡೆಗೆ ಮದ್ದಲ್ಲ. ಒಬ್ರೇ ಡಾಕ್ಟ್ರು ಎರಡೂ ಮಾಡುದು ಯಾಕೆ ಅಂದ್ರೆ ಎರಡಕ್ಕೂ ಬೇಕಾದ ಕೈಚಳಕ ಒಂದೇ. ಮಂಡೆಗೆ ಒಂದು ಲೋಹದ ಫ್ರೇಮ್ ಕಟ್ಟಿ, ಎಂಆರ್‌ಐ ನೋಡಿ ಲೆಕ್ಕ ಹಾಕಿ, ಒಳಗೆ ಇಂಥದ್ದೇ ಜಾಗಕ್ಕೆ ಸೂಜಿಯ ಹಾಗೆ ಹೋಗುದು, ಇದಕ್ಕೆ ಸ್ಟೀರಿಯೋಟ್ಯಾಕ್ಸಿ ಅಂತಾರೆ. ಆ ದಾರಿಯಲ್ಲಿ ವಯರ್ ಇಟ್ರೆ ಡಿಬಿಎಸ್, ಗಡ್ಡೆಯ ಚೂರು ತೆಗೆದ್ರೆ ಬಯಾಪ್ಸಿ. ಇನ್ನೊಂದು ಗೊಂದಲ: ಗಡ್ಡೆ ತೆಗೆಯುವಾಗ ರೋಗಿಯನ್ನು ಎಚ್ಚರ ಇಟ್ಟು ಮೆದುಳಿನ ಮೇಲೆ ಕರೆಂಟ್ ಮುಟ್ಟಿಸಿ ನೋಡುದುಂಟು, ಅಲ್ಲಿಯೂ ಸ್ಟಿಮ್ಯುಲೇಷನ್ ಅಂತ ಬರೆದಿರ್ತದೆ. ಅದು ಮಾತಿನ ಜಾಗ, ಕೈಕಾಲು ಆಡಿಸುವ ಜಾಗ ಎಲ್ಲಿ ಅಂತ ಗುರ್ತು ಮಾಡ್ಲಿಕ್ಕೆ ಮಾತ್ರ.

2. ಮನೆಯಲ್ಲಿರುವ ಕಾಗದ ಮೊದಲು ಒಟ್ಟು ಮಾಡಿ

ರಿಸರ್ಚ್ ಓದುವ ಮೊದಲು ನಿಮ್ಮ ರೋಗಿಯ ಬಗ್ಗೆಯೇ ನಿಮಗೆ ಸರಿ ಗೊತ್ತಿರ್ಬೇಕು. ಪಾರ್ಕಿನ್ಸನ್ ಆದ್ರೆ: ಯಾವ ವರ್ಷ ಶುರುವಾಯ್ತು, ಈಗ ಯಾವ ಮಾತ್ರೆ ಎಷ್ಟು ಗಂಟೆಗೆ, ಮತ್ತೆ ಒಂದು ವಾರದ ಡೈರಿ. ಡೈರಿ ಅಂದ್ರೆ ದೊಡ್ಡ ಸಂಗತಿ ಏನಲ್ಲ, ಕ್ಯಾಲೆಂಡರ್ ಹಿಂದಿನ ಖಾಲಿ ಜಾಗದಲ್ಲಿ ಗಂಟೆ ಬರೆದು ಆನ್, ಆಫ್ ಅಂತ ಹಾಕಿದ್ರೆ ಸಾಕು. ಆನ್ ಅಂದ್ರೆ ಮದ್ದು ಹಿಡಿದು ಕೈಕಾಲು ಸಲೀಸು ಇರುವ ಹೊತ್ತು, ಆಫ್ ಅಂದ್ರೆ ಮದ್ದಿನ ಬಲ ಇಳಿದು ಮರಗಟ್ಟಿದ ಹಾಗೆ ಆಗುವ ಹೊತ್ತು. ಮಾತ್ರೆ ಹಿಡಿದ ಮೇಲೆ ಮೈ ತನ್ನಿಂತಾನೇ ತಿರುಚಿಕೊಳ್ಳುದು ಉಂಟಾದ್ರೆ ಅದನ್ನೂ ಬರೀರಿ, ಅದಕ್ಕೆ ಡಿಸ್ಕೈನೇಷಿಯಾ ಅಂತ ಹೆಸರು. ಆನಲ್ಲಿ ಒಂದು, ಆಫಲ್ಲಿ ಒಂದು, ಜಗಲಿಯಲ್ಲಿ ನಡೆಯುವ ವಿಡಿಯೋ ಮೊಬೈಲಲ್ಲಿ ತೆಗ್ದಿಡಿ. ಡಾಕ್ಟ್ರ ಎದುರು ಹೋದಾಗ ಯಾವಾಗಲೂ ಒಳ್ಳೇದೇ ನಡೀತಾರೆ ಇವ್ರು, ಅದು ಬೇರೆ ಕಥೆ.

ಗಡ್ಡೆ ಆದ್ರೆ ಎಂಆರ್‌ಐ ಸಿಡಿ (ಫಿಲ್ಮ್ ಮಾತ್ರ ಸಾಲುದಿಲ್ಲ), ಆಪರೇಷನ್ ನೋಟ್, ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್. ಆಪರೇಷನ್ ಆದ ಕಡೆ ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರ್ತಾರೆ, ಬ್ಲಾಕ್ ಅಂತಾರೆ ಅದಕ್ಕೆ. ಬೇರೆ ಕಡೆ ಎರಡನೇ ಅಭಿಪ್ರಾಯಕ್ಕೆ ಅಂತ ಪತ್ರ ಕೊಟ್ಟು ಸ್ಲೈಡ್ ಮತ್ತೆ ಬ್ಲಾಕ್ ಕೇಳಿ ತಗೊಳ್ಳಿ. ತುಂಬ ಜನ ಇದು ಕೇಳ್ಬಹುದು ಅಂತಲೇ ಗೊತ್ತಿಲ್ಲದೆ ಮಂಗಳೂರಿಗೂ ತಿರುವನಂತಪುರಕ್ಕೂ ಬರಿಗೈಲಿ ಹೋಗಿ ವಾಪಸ್ ಬಂದಿದ್ದಾರೆ.

3. ಡಾಕ್ಟ್ರ ಪೇಪರ್ ಹುಡುಕುದು

ಪಬ್‌ಮೆಡ್ ಅಂತ ಒಂದು ಉಂಟು, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಲೈಬ್ರರಿಯದ್ದು, ದುಡ್ಡಿಲ್ಲ, ಮೊಬೈಲಲ್ಲೇ ಆಗ್ತದೆ. ಡಾಕ್ಟ್ರ ಹೆಸರು, ಮುಂದೆ ಊರು ಹಾಕಿ ಹುಡುಕಿ. ನಮ್ಮ ಕಡೆಯ ಹೆಸರಲ್ಲಿ ಇನಿಷಿಯಲ್ ಒಂದು ಸಲ ಮುಂದೆ ಒಂದು ಸಲ ಹಿಂದೆ ಇರ್ತದಲ್ವಾ, ಆ ಕಾರಣಕ್ಕೆ ಒಬ್ರ ಪೇಪರ್ ಇನ್ನೊಬ್ರ ಲೆಕ್ಕಕ್ಕೆ ಬೀಳುದು ಸಾಮಾನ್ಯ, ಹಾಗಾಗಿ ಆಸ್ಪತ್ರೆ ಹೆಸರು ಹೊಂದ್ತದಾ ನೋಡಿ. ಪೂರ್ತಿ ಪೇಪರ್ ಸಿಗದಿದ್ರೂ ಸಾರಾಂಶ ಸಿಗ್ತದೆ, ನಮಗೆ ಅದೇ ಸಾಕು.

ಸಾರಾಂಶದಲ್ಲಿ ಮೊದಲು ನೋಡ್ಬೇಕಾದ್ದು ಅದು ಯಾವ ಜಾತಿಯ ಅಧ್ಯಯನ ಅಂತ. ಕೇಸ್ ರಿಪೋರ್ಟ್ ಅಂದ್ರೆ ಒಬ್ಬ ರೋಗಿಯ ಕಥೆ. ಸೀರೀಸ್ ಅಂದ್ರೆ ಆ ಡಾಕ್ಟ್ರು ಮಾಡಿದ ಹತ್ತಿಪ್ಪತ್ತೋ ನೂರೋ ಆಪರೇಷನಿನ ಲೆಕ್ಕ, ಹೋಲಿಕೆಗೆ ಇನ್ನೊಂದು ಗುಂಪು ಇರುದಿಲ್ಲ. ರ‍್ಯಾಂಡಮೈಸ್ಡ್ ಟ್ರಯಲ್ ಅಂದ್ರೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಈ ಚಿಕಿತ್ಸೆ ಇನ್ನೊಂದಕ್ಕೆ ಬೇರೆ ಕೊಟ್ಟು ನೋಡಿದ್ದು, ಇದಕ್ಕೆ ತೂಕ ಜಾಸ್ತಿ. ಇಲಿಯ ಮೇಲೆ ಮಾಡಿದ್ದಾದ್ರೆ ಓದಿ ಸಂತೋಷಪಟ್ಟು ಫೋನ್ ಕೆಳಗಿಡಿ.

ಜಾಗ್ರತೆ ಒಂದು: ಫೋನಿನ ಅನುವಾದ ನಂಬಿ ಕೂತ್ಕೊಳ್ಬೇಡಿ. ನನ್ನ ಫೋನ್ ಲೀಡ್ ಅನ್ನುವ ಪದಕ್ಕೆ ಸೀಸ ಅಂತ ಹಾಕಿ "ಮೆದುಳಿಗೆ ಸೀಸ ಇಟ್ಟರು" ಅಂತ ತೋರ್ಸಿತ್ತು, ಲೀಡ್ ಅಂದ್ರೆ ಇಲ್ಲಿ ಆ ವಯರ್.

4. ಯಾರನ್ನು ಸೇರಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ

ಇದೇ ಮುಖ್ಯ ಹಂತ, ನಿಧಾನ ಓದಿ. ಉದಾಹರಣೆಗೆ ಎಲ್ರೂ ಹೇಳುವ ಮೂರು ಅಧ್ಯಯನ ತಗೊಳ್ಳುವ. 2006ರಲ್ಲಿ ಜರ್ಮನಿ ಕಡೆ 156 ಪಾರ್ಕಿನ್ಸನ್ ರೋಗಿಗಳ ಮೇಲೆ ಒಂದು ಟ್ರಯಲ್ ಬಂತು, ಎಲ್ರೂ 75ಕ್ಕಿಂತ ಕಡಿಮೆ ವಯಸ್ಸಿನವ್ರು. ಆರು ತಿಂಗಳ ನಂತರ ಬರೀ ಮದ್ದಲ್ಲಿದ್ದವ್ರಿಗಿಂತ ಡಿಬಿಎಸ್ ಆದವ್ರ ದಿನನಿತ್ಯದ ಬದುಕು ಸುಧಾರಿಸಿತ್ತು. ಆದ್ರೆ ಗಂಭೀರ ತೊಂದ್ರೆ ಡಿಬಿಎಸ್ ಗುಂಪಲ್ಲಿ ನೂರಕ್ಕೆ 13, ಮದ್ದಿನ ಗುಂಪಲ್ಲಿ ನೂರಕ್ಕೆ 4, ಮತ್ತೆ ಒಬ್ರು ಮೆದುಳಲ್ಲಿ ರಕ್ತಸ್ರಾವ ಆಗಿ ತೀರಿಹೋದ್ರು. ಸುದ್ದಿಯಲ್ಲಿ ಬರುದು ಮೊದಲ ಅರ್ಧ ಮಾತ್ರ. 2009ರದ್ದು ಅಮೆರಿಕದ್ದು, 255 ಜನ, ಡಿಬಿಎಸ್ ಆದವ್ರಿಗೆ ದಿನಕ್ಕೆ ಸರಾಸರಿ 4.6 ಗಂಟೆ ಒಳ್ಳೇ ಆನ್ ಹೊತ್ತು ಜಾಸ್ತಿ ಸಿಕ್ಕಿತು. ಇದ್ರಲ್ಲಿ ನಾಲ್ಕರಲ್ಲೊಂದು ಭಾಗ 70 ದಾಟಿದವ್ರೂ ಇದ್ರು, ಅಜ್ಜನಿಗೆ ವಯಸ್ಸಾಯ್ತು ಆಗುದೇ ಇಲ್ಲ ಅನ್ನುವವ್ರಿಗೆ ಇದು ಉತ್ತರ. 2013ರದ್ದು ಜರ್ಮನಿ ಫ್ರಾನ್ಸ್ ಸೇರಿ 251 ಜನ, 60 ದಾಟದವ್ರು ಮಾತ್ರ, ಕಾಯಿಲೆ ಬಂದು ಕನಿಷ್ಠ 4 ವರ್ಷ ಆಗಿರ್ಬೇಕು ಅಂತ ನಿಯಮ. ಈಗ ನಿಮ್ಮ ಅಪ್ಪನಿಗೆ 76, ಮರೆವು ಶುರುವಾಗಿದೆ, ದಿನಕ್ಕೆರಡು ಸಲ ಬೀಳ್ತಾರೆ ಅಂತಾದ್ರೆ ಈ ಕೊನೆಯ ಅಧ್ಯಯನದ ಫಲಿತಾಂಶ ಅವ್ರ ಬಗ್ಗೆ ಏನೂ ಹೇಳುದಿಲ್ಲ, ಎಷ್ಟೇ ಚಂದ ಇದ್ರೂ.

ಮತ್ತೊಂದು ನೋಡಿ, ಎಷ್ಟು ಕಾಲ ನೋಡಿದ್ದಾರೆ ಅಂತ. ಆರು ತಿಂಗಳ ಲೆಕ್ಕವನ್ನು ಹತ್ತು ವರ್ಷಕ್ಕೆ ಎಳೀಬೇಡಿ. ಡಿಬಿಎಸ್ ಲಕ್ಷಣ ತಗ್ಗಿಸ್ತದೆ, ಕಾಯಿಲೆ ಅದರಷ್ಟಕ್ಕೆ ಮುಂದೆ ಹೋಗ್ತಾ ಇರ್ತದೆ.

5. ಪಾರ್ಕಿನ್ಸನ್ ಆದ್ರೆ ಮಾತ್ರೆಯ ಪರೀಕ್ಷೆ

ಲೆವೊಡೋಪಾ ಅನ್ನುವ ಮದ್ದು, ನಮ್ಮ ಕಡೆ ಅಂಗಡಿಯಲ್ಲಿ ಸಿಂಡೋಪಾ ಅಂದ್ರೆ ಗೊತ್ತಾಗ್ತದೆ. ಆಪರೇಷನ್ ಮೊದಲು ರಾತ್ರಿಯಿಂದ ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ನಡುಕ, ಬಿಗಿತ, ನಡಿಗೆ ನೋಡಿ ಅಂಕ ಹಾಕಿ, ಮತ್ತೆ ಮಾತ್ರೆ ಕೊಟ್ಟು ಪುನಃ ಅಂಕ ಹಾಕ್ತಾರೆ. ಮೂರರಲ್ಲಿ ಒಂದು ಭಾಗದಷ್ಟಾದ್ರೂ ಸುಧಾರಿಸ್ಬೇಕು ಅಂತ ಹೆಚ್ಚಿನ ಕಡೆ ಲೆಕ್ಕ. ಯಾಕೆ ಅಂದ್ರೆ ಮಾತ್ರೆ ಚೆನ್ನಾಗಿ ಹಿಡಿದಾಗ ಏನು ಸರಿಯಾಗ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಡಿಬಿಎಸ್ ದಿನವಿಡೀ ಉಳಿಸಿಕೊಡುದು. ಮಾತ್ರೆಗೆ ಬಗ್ಗದ ನಡುಕ ಒಂದು ಮಾತ್ರ ಇದಕ್ಕೆ ಹೊರತು, ಅದು ಡಿಬಿಎಸಿಗೆ ಬಗ್ಗುದುಂಟು. ಆನ್ ಇರುವಾಗಲೂ ಬೀಳುದು, ಮಾತು ತೊದಲುದು, ನುಂಗ್ಲಿಕ್ಕೆ ಕಷ್ಟ, ಮರೆವು, ಇವು ಸರಿಯಾಗ್ತದೆ ಅಂತ ಆಸೆ ಇಟ್ಟು ಹೋದ ಮನೆಯವ್ರೇ ಮತ್ತೆ "ಲಕ್ಷಗಟ್ಟಲೆ ಹಾಕಿ ಏನೂ ಆಗ್ಲಿಲ್ಲ" ಅಂತ ಹೇಳುದು.

ಈ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡ್ಲಿಕ್ಕೆ ಹೋಗ್ಬೇಡಿ, ದಯವಿಟ್ಟು. ಮಾತ್ರೆ ಒಮ್ಮೆಲೇ ನಿಲ್ಲಿಸಿದ್ರೆ ಜ್ವರ ಏರಿ, ಮೈ ಸೆಟೆದು, ಪ್ರಜ್ಞೆ ತಪ್ಪಿ ಜೀವಕ್ಕೇ ಬರುದುಂಟು.

6. ಗಡ್ಡೆ ಆದ್ರೆ ಹೆದ್ರಿಸುವ ಪದಗಳು

ಗಡ್ಡೆಯ ರಿಸರ್ಚ್ ಬಯಾಪ್ಸಿ ರಿಪೋರ್ಟ್ ಕೈಯಲ್ಲಿಲ್ಲದೆ ಓದುದು ದಂಡ. ಮೆನಿಂಜಿಯೋಮಾ ಹೆಚ್ಚಿನದ್ದು ಕ್ಯಾನ್ಸರ್ ಅಲ್ಲ, ಗ್ಲಯೋಬ್ಲಾಸ್ಟೋಮಾ ಗ್ರೇಡ್ 4, ಅಂದ್ರೆ ಬೇಗ ಬೆಳೆಯುವ ಕ್ಯಾನ್ಸರ್, ಒಂದರ ರಿಸರ್ಚ್ ಇನ್ನೊಂದಕ್ಕೆ ಲಾಗೂ ಆಗುದಿಲ್ಲ. ರಿಪೋರ್ಟಲ್ಲಿ ಐಡಿಎಚ್ ಮ್ಯುಟೆಂಟ್ (ಗಡ್ಡೆಯ ಐಡಿಎಚ್ ಜೀನ್ ಬದಲಾಗಿದೆ) ಅಂತ ಇದ್ರೆ ಎಲ್ರೂ ಹೆದ್ರುದು, ನಿಜಕ್ಕೆ ಅದು ವೈಲ್ಡ್ ಟೈಪಿಗಿಂತ (ಜೀನ್ ಬದಲಾಗದ್ದು) ಒಳ್ಳೇ ಸುದ್ದಿ. ಎಂಜಿಎಂಟಿ (ಇನ್ನೊಂದು ಜೀನ್) ಮಿಥೈಲೇಟೆಡ್ ಅಂತ ಇದ್ರೂ ಹಾಗೆಯೇ, ಟೆಮೊಝೊಲೊಮೈಡ್ ಅನ್ನುವ ಕೀಮೋ ಮಾತ್ರೆ ಅಂಥವ್ರಿಗೆ ಹೆಚ್ಚು ಹಿಡೀತದೆ.

2005ರ ಒಂದು ದೊಡ್ಡ ಟ್ರಯಲ್, 573 ಗ್ಲಯೋಬ್ಲಾಸ್ಟೋಮಾ ರೋಗಿಗಳು, 70ರ ಒಳಗಿನವ್ರು. ರೇಡಿಯೇಷನ್ ಮಾತ್ರ ಕೊಟ್ಟಾಗ ಬದುಕಿದ ಕಾಲದ ಮೀಡಿಯನ್ 12.1 ತಿಂಗಳು, ಈ ಮಾತ್ರೆ ಸೇರಿಸಿದಾಗ 14.6. ಮೀಡಿಯನ್ ಅಂದ್ರೆ ಅರ್ಧ ಜನ ಅದಕ್ಕಿಂತ ಮೊದಲು ತೀರಿಹೋದ್ರು, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ರು ಅಂತ, ನಿಮ್ಮವ್ರಿಗೆ ಗಡುವು ಅಂತ ಅಲ್ಲ. ಎರಡು ವರ್ಷ ದಾಟಿದವ್ರು ನೂರಕ್ಕೆ 10ರಿಂದ 26ಕ್ಕೆ ಏರಿದ್ರು ಅನ್ನುದನ್ನೂ ಒಟ್ಟಿಗೆ ಓದಿ.

ರೇಡಿಯೇಷನ್ ಆಪರೇಷನ್ ಆಗಿ ಕೆಲವೇ ವಾರದಲ್ಲಿ ಶುರುವಾಗ್ಬೇಕು. ಒಳ್ಳೇ ರಿಸರ್ಚ್ ಹುಡುಕ್ತಾ ಎರಡು ತಿಂಗಳು ಕಳೆದವ್ರನ್ನು ನೋಡಿದ್ದೇನೆ, ಬೇಡ ಮಾರಾಯ್ರೆ. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಉಂಟು, ನಮಗೆ ತಿರುವನಂತಪುರಕ್ಕಿಂತ ಎಷ್ಟೋ ಹತ್ರ. ಬಾವು ಇಳಿಸ್ಲಿಕ್ಕೆ ಕೊಟ್ಟ ಸ್ಟೀರಾಯ್ಡ್ ಮತ್ತೆ ಫಿಟ್ಸಿನ ಮಾತ್ರೆ ಇವೆರಡನ್ನು ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ.

7. ರೋಗಿಯ ಭಾಷೆ ಯಾವುದು ಅಂತ ಮೊದಲ ದಿನವೇ ಬರೆಸಿ

ಇದು ಯಾವ ಪುಸ್ತಕದಲ್ಲೂ ಸಿಗದ ಹಂತ, ಕಾಸರಗೋಡಿನವ್ರಿಗೆ ಮಾತ್ರ ಇರುವ ತಾಪತ್ರಯ. ಡಿಬಿಎಸ್ ಮೊದಲು ನೆನಪು, ಗಮನ, ಮಾತಿನ ಪರೀಕ್ಷೆ ಮಾಡ್ತಾರೆ, ಮರೆವಿನ ಕಾಯಿಲೆ ಇದ್ರೆ ಆಪರೇಷನ್ ಬೇಡ ಅಂತ ಹೇಳ್ಲಿಕ್ಕೆ. ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿ ಅಂತ ಕೇಳುದು ಅದ್ರಲ್ಲೊಂದು. ನಮ್ಮ ಮಾವ ಎಣ್ಮಕಜೆಯವ್ರು, ಕನ್ನಡ ಮೀಡಿಯಂ ಕಲ್ತವ್ರು, ಮನೆಯಲ್ಲಿ ತುಳು. ಮಲಯಾಳ ಅಂದ್ರೆ ಬಸ್ಸಿನಲ್ಲಿ, ವಿಲೇಜ್ ಆಫೀಸಲ್ಲಿ ಮಾತಾಡುವಷ್ಟು. ಪರೀಕ್ಷೆ ಮಲಯಾಳದಲ್ಲಿ ಕೇಳಿದ್ರು, ಇವ್ರು ಏಳು ಪ್ರಾಣಿ ಹೇಳಿ ಸುಮ್ಮನೆ ಕೂತ್ರು. ಅಂಕ ಕಡಿಮೆ, ಮರೆವಿನ ಸಂಶಯ ಅಂತ ಬರೆದ್ರು. ನಾವು ಜಗಳ ಅಲ್ಲ, ವಿನಂತಿ ಮಾಡಿ ಕನ್ನಡ ಬರುವ ಒಬ್ರನ್ನು ಕರೆಸಿ ಪುನಃ ಮಾಡಿಸಿದ್ದು, ಕಾಟಿಯಿಂದ ಶುರು ಮಾಡಿ ಮುಳ್ಳುಹಂದಿ ವರೆಗೆ ಹದಿನಾರು ಬಂತು.

ಇದು ಬರೀ ಪಾಸು ಫೇಲಿನ ವಿಷಯ ಅಲ್ಲ. ಸಬ್‌ಥಲಾಮಿಕ್ ಡಿಬಿಎಸ್ ಆದ ಮೇಲೆ ಇದೇ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಇಳಿಯುದು ಎಷ್ಟೋ ಅಧ್ಯಯನದಲ್ಲಿ ಕಂಡದ್ದು. ಮೊದಲಿನ ಅಂಕವೇ ಭಾಷೆ ಬಾರದೆ ತಪ್ಪಾಗಿದ್ರೆ ನಂತರ ಇಳಿಯಿತಾ ಇಲ್ವಾ ಅಂತ ಯಾವುದಕ್ಕೆ ಹೋಲಿಸಿ ನೋಡುದು?

ಗಡ್ಡೆಯ ಎಚ್ಚರದ ಆಪರೇಷನಿಗೆ ಇದು ಇನ್ನೂ ದೊಡ್ಡ ಸಂಗತಿ. ಚಿತ್ರ ತೋರ್ಸಿ ಹೆಸರು ಹೇಳಿಸ್ತಾ ಇರುವಾಗ ಮೆದುಳಿನ ಒಂದು ಜಾಗಕ್ಕೆ ಕರೆಂಟ್ ಮುಟ್ಟಿಸಿದ್ರೆ ಮಾತು ತಡೀತದೆ, ಆ ಜಾಗ ಮುಟ್ಟದೆ ಬಿಡ್ತಾರೆ. ಎರಡು ಭಾಷೆ ಬರುವವ್ರಲ್ಲಿ ಒಂದೊಂದು ಭಾಷೆಗೆ ಸ್ವಲ್ಪ ಬೇರೆ ಬೇರೆ ಜಾಗ ಇರುದುಂಟು ಅಂತ 1978ರಲ್ಲೇ ಸಿಯಾಟಲಿನ ಜಾರ್ಜ್ ಓಜೆಮನ್ ಮತ್ತೆ ಜೊತೆಗಾರರು ತೋರ್ಸಿದ್ದಾರೆ. ನಮ್ಮಲ್ಲಿ ಎರಡಲ್ಲ, ತುಳು ಕನ್ನಡ ಮಲಯಾಳ ಮೂರು, ಕೆಲವ್ರಿಗೆ ಹವ್ಯಕವೋ ಬ್ಯಾರಿಯೋ ಕೊಂಕಣಿಯೋ ಸೇರಿ ನಾಲ್ಕು. ಹಲಸಿನ ಚಿತ್ರ ತೋರ್ಸಿದಾಗ ರೋಗಿ ತುಳುವಲ್ಲಿ ಪೆಲಕಾಯಿ ಅಂದ್ರೆ ಕೇಳುವವ್ರಿಗೆ ಅದು ಸರಿ ಉತ್ತರ ಅಂತ ಗೊತ್ತಿರ್ಬೇಕಲ್ಲ, ಇಲ್ಲದಿದ್ರೆ ಮಾತು ತಪ್ಪಿತು ಅಂತ ಲೆಕ್ಕ ಹಾಕ್ತಾರೆ. ಮನೆ ಭಾಷೆ, ಓದಿದ ಭಾಷೆ, ಲೆಕ್ಕ ಮಾಡುವ ಭಾಷೆ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ, ಚಿತ್ರಗಳನ್ನು ಹಿಂದಿನ ದಿನವೇ ನೋಡ್ಲಿಕ್ಕೆ ಕೊಡ್ತಾರಾ ಕೇಳಿ.

8. ನಿಮ್ಮನ್ನೇ ರಿಸರ್ಚಿಗೆ ಸೇರಿಸ್ತೇವೆ ಅಂತ ಹೇಳಿದ್ರೆ

ಭಾರತದಲ್ಲಿ ಕ್ಲಿನಿಕಲ್ ಟ್ರಯಲ್ ಆದ್ರೆ ಸಿಟಿಆರ್‌ಐ ಅನ್ನುವ ಸರ್ಕಾರಿ ರಿಜಿಸ್ಟ್ರಿಯಲ್ಲಿ ದಾಖಲಾಗಿರ್ಬೇಕು, 2009ರ ಜೂನಿಂದ ಅದು ಕಡ್ಡಾಯ. ನಂಬ್ರ ಕೇಳಿ, ಮನೆಗೆ ಬಂದು ಹುಡುಕಿ ನೋಡಿ, ಯಾರನ್ನು ಸೇರಿಸ್ತಾರೆ ಯಾರನ್ನು ಬಿಡ್ತಾರೆ ಅಂತ ಅಲ್ಲಿಯೇ ಇರ್ತದೆ. ಒಪ್ಪಿಗೆ ಪತ್ರ ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಇರ್ಬೇಕು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೇ ಹಾಗೆ ಹೇಳುದು. ಪಂಚಾಯತಲ್ಲಿ ಕನ್ನಡ ಫಾರಂ ಕೇಳಿ ಕೇಳಿ ಅಭ್ಯಾಸ ಆದ ನಮಗೆ ಇದೇನು ಹೊಸತಲ್ಲ, ನಾಚಿಕೆ ಬಿಟ್ಟು ಕೇಳಿ. ಮಧ್ಯದಲ್ಲಿ ಬೇಡ ಅಂತ ಹೊರಗೆ ಬರ್ಲಿಕ್ಕೆ ನಿಮಗೆ ಹಕ್ಕುಂಟು, ಬಂದ್ರೆ ಮಾಮೂಲು ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಟ್ರಯಲ್ ಅಂತ ಹೇಳಿ ಲಕ್ಷಗಟ್ಟಲೆ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಪಾರ್ಕಿನ್ಸನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಜಾಹೀರಾತು ಬರ್ತದಲ್ಲ, ಅದು ಮಾನ್ಯತೆ ಆದ ಚಿಕಿತ್ಸೆ ಅಲ್ಲ.

9. ದೂರ, ದುಡ್ಡು, ಆಮೇಲಿನ ಓಡಾಟ

ರಿಸರ್ಚಲ್ಲಿ ಒಳ್ಳೇ ಫಲಿತಾಂಶ ಬರುದು ಆಪರೇಷನಿಂದ ಮಾತ್ರ ಅಲ್ಲ, ಆಮೇಲೆ ಕರೆಂಟನ್ನು ಹದ ಮಾಡುದ್ರಿಂದ. ಪ್ರೋಗ್ರಾಮಿಂಗ್ ಅಂತಾರೆ, ಆಪರೇಷನ್ ಆಗಿ ಕೆಲವು ವಾರಕ್ಕೆ ಶುರುವಾಗಿ ತಿಂಗಳುಗಟ್ಟಲೆ ಹಲವು ಸಲ ಹೋಗ್ಲಿಕ್ಕುಂಟು. ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಡಿಬಿಎಸ್ ಮಾಡ್ತಾರೆ, ಬೆಂಗಳೂರಿನ ನಿಮ್ಹಾನ್ಸಲ್ಲೂ ಮಾಡ್ತಾರೆ. ಸಂಜೆ ಮಾವೇಲಿ ರೈಲು ಹತ್ತಿದ್ರೆ ಬೆಳಿಗ್ಗೆ ತಿರುವನಂತಪುರ ಸರಿ, ಆದ್ರೆ ಆಫಲ್ಲಿರುವ ಮನುಷ್ಯನನ್ನು ವರ್ಷಕ್ಕೆ ಆರು ಸಲ ಹಾಗೆ ಕರ್ಕೊಂಡು ಹೋಗುವವ್ರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿ. ಮಂಗಳೂರು ಹತ್ರ ಹೌದು, 2020ರಲ್ಲಿ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ರೋಗಿಗಳ ಅವಸ್ಥೆ ಏನಾಯ್ತು ಅಂತಲೂ ನೆನಪುಂಟು. ಹತ್ರದಲ್ಲಿ ಪ್ರೋಗ್ರಾಮಿಂಗ್ ಮಾಡುವ ನ್ಯೂರಾಲಜಿಸ್ಟ್ ಇದ್ದಾರಾ ಅಂತ ಆಪರೇಷನ್ ಮೊದಲೇ ಕೇಳಿ.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗೆ ಉಂಟು. ಆಸ್ಪತ್ರೆಯಲ್ಲಿ ಕಾರ್ಡ್ ನಡೀತದಾ ಅನ್ನುದು ಒಂದು ಪ್ರಶ್ನೆ, ಈ ಚಿಕಿತ್ಸೆಗೆ ಅದ್ರಲ್ಲಿ ಪ್ಯಾಕೇಜ್ ಉಂಟಾ ಅನ್ನುದು ಬೇರೆಯೇ ಪ್ರಶ್ನೆ, ಎರಡನ್ನೂ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕ್ಬಹುದು. ಬ್ಯಾಟರಿ ಚಾರ್ಜ್ ಮಾಡುವಂಥದ್ದಾ ಅಲ್ವಾ ಕೇಳಿ, ಚಾರ್ಜ್ ಆಗದ್ದು ಸಾಧಾರಣ 3ರಿಂದ 5 ವರ್ಷಕ್ಕೆ ಬದ್ಲಿಸ್ಲಿಕ್ಕೆ ಬರ್ತದೆ, ಆಗ ಪುನಃ ದುಡ್ಡು ಬೇಕು.

ಆಪರೇಷನ್ ಆದ ಮೇಲೆ ಒಂದು ಕಾರ್ಡ್ ಕೊಡ್ತಾರೆ, ಯಾವ ಸಾಧನ ಅಂತ ಅದ್ರಲ್ಲಿ ಇರ್ತದೆ. ಎಂಆರ್‌ಐ ಬೇಕಾದ್ರೆ ಮೊದಲು ಅದು ತೋರ್ಸಿ ಕೇಳ್ಬೇಕು. ಮತ್ತೆ ಡಯಾಥರ್ಮಿ ಅಂತ ಒಂದು ಶಾಖದ ಮೆಷಿನ್ ಉಂಟು, ಸೊಂಟನೋವು ಮೊಣಕಾಲು ನೋವಿಗೆ ಇಡುದು, ಡಿಬಿಎಸ್ ಇರುವವ್ರಿಗೆ ಅದು ಇಟ್ರೆ ವಯರ್ ತುದಿ ಬಿಸಿಯಾಗಿ ಮೆದುಳೇ ಸುಟ್ಟುಹೋಗ್ತದೆ. ಕುಂಬಳೆಯಲ್ಲಿ ಕಾಲುನೋವಿಗೆ ಫಿಸಿಯೋಥೆರಪಿಗೆ ಹೋದ್ರೂ ಬೆಡ್ ಮೇಲೆ ಮಲಗುವ ಮೊದಲು ಆ ಕಾರ್ಡ್ ತೆಗ್ದು ತೋರ್ಸಿ.